ಮುಂಬೈ ಮಳೆಗಾಲದಲ್ಲಿ ಸ್ಪೀಕರ್ ಪೆಟ್ಟಿಗೆಯ ವೆನೀರ್ ಎದ್ದರೆ ಏನು ಮಾಡಬೇಕು?

ಡೊಂಬಿವಲಿಯ ಮನೆಯಲ್ಲಿ ನೀವೇ ಮಾಡಿದ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಸ್ಪೀಕರ್ ಪೆಟ್ಟಿಗೆಯ ತೇಗದ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳುವಾದ ಮರದ ಹಾಳೆ, ಜುಲೈ ಮಳೆಗೆ ಗುಳ್ಳೆಯೆದ್ದಿದೆ, ಪೂರ್ತಿ ಕಿತ್ತು ಹೊಸದನ್ನು ಹಾಕಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕೀಳಬೇಡಿ.

ಬಳಸಿದ್ದು ಫೆವಿಕಾಲ್‌ನಂತಹ ಬಿಳಿ ಅಂಟಾಗಿದ್ದರೆ ಅದು ಶಾಖಕ್ಕೆ ಮತ್ತೆ ಮೆದುವಾಗುತ್ತದೆ. ಆದ್ದರಿಂದ ಸ್ಪೀಕರ್‌ಗಳನ್ನು ಬಿಚ್ಚಿಟ್ಟು, ಗುಳ್ಳೆಯ ಮೇಲೆ ಹತ್ತಿಬಟ್ಟೆ ಹಾಸಿ, ಆವಿಯಿಲ್ಲದ ಮಧ್ಯಮ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಸೆಕೆಂಡು ಒತ್ತಿ, ತಣಿಯುವವರೆಗೆ ಮರದ ತುಂಡಿನಿಂದ ಅದುಮಿ ಹಿಡಿಯಿರಿ. ಅದಕ್ಕೂ ಕೂರದಿದ್ದರೆ ಮರದ ಎಳೆಯ ಜಾಡಿನಲ್ಲೇ ಹರಿತವಾದ ಬ್ಲೇಡಿನಿಂದ ಸೀಳಿ (ಅಡ್ಡಲಾಗಿ ಸೀಳಿದ ಗುರುತು ಮರೆಯಾಗುವುದೇ ಇಲ್ಲ), ಸಿರಿಂಜಿನಿಂದ ಅಂಟು ತುಂಬಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಭಾರ ಹೇರಿ 24 ಗಂಟೆ ಬಿಡಿ. ವೆನೀರ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟೇ ದಪ್ಪವಿರುವುದರಿಂದ, ಬಳಿಕ 240ನೇ ನಂಬರಿನ ಉಜ್ಜುಕಾಗದವನ್ನು ಕೈಯಿಂದಲೇ, ಹಗುರವಾಗಿ ಆಡಿಸಿ, ಯಂತ್ರ ಬೇಡ.

ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ತೊಂದರೆ ಒಳಗಿದೆ. ಎಂಡಿಎಫ್‌ನ ಕತ್ತರಿಸಿದ ಅಂಚುಗಳು ತೇವವನ್ನು ಬೇಗ ಹೀರಿ ಉಬ್ಬುತ್ತವೆ. ಪೆಟ್ಟಿಗೆಯ ಒಳಮೈ, ಹಿಂಬದಿ ಮತ್ತು ಸ್ಪೀಕರ್ ಕೂರುವ ರಂಧ್ರಗಳ ಅಂಚಿಗೆ ತೇವ ತಡೆಯುವ ಪಾಲಿಯುರೆಥೇನ್ ವಾರ್ನಿಷನ್ನು ಎರಡು ಪದರ ಬಳಿಯಿರಿ. ಅದನ್ನು ಈಗಲ್ಲ, ಅಕ್ಟೋಬರಿನ ಬಿಸಿಲಿಗೆ ಮರ ಚೆನ್ನಾಗಿ ಒಣಗಿದ ಮೇಲೆ ಮಾಡಿ.