ಉಳಿದ ಲೀಟರಿಗೆ ಎಷ್ಟು ಕೊಡೋಣ?

ಜಮಖಂಡಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಔಷಧಿ ವಿತರಣೆಯ ಕೆಲಸಕ್ಕಾಗಿ ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಅಥಣಿ, ವಿಜಯಪುರ, ಬೆಳಗಾವಿ ಎಂದು ಸ್ವಂತ ಕಾರಿನಲ್ಲಿ ತಿರುಗುವವರು ನೀವು. ಕಳೆದ ಸಂಚಿಕೆಯಲ್ಲಿ ನಾವು ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಕಾರನ್ನು ‘ಅರ್ಧ ದಾರಿಯ ಗಾಡಿ’ ಎಂದು ಬರೆದದ್ದು ನಿಮಗೆ ಬೇಸರ ತಂದಿದೆ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5, ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್ ಕಾರಿಗೆ ಶೇ 40, ಇದು ಯಾವ ನ್ಯಾಯ ಎಂದು ಕೇಳಿದ್ದೀರಿ. ಉತ್ತರ ಪ್ರದೇಶ 2024ರಲ್ಲೇ ಇಂಥ ಕಾರುಗಳ ನೋಂದಣಿ ತೆರಿಗೆ ಮನ್ನಾ ಮಾಡಿತು, ಕರ್ನಾಟಕಕ್ಕೇಕೆ ಆಗದು ಎಂದಿದ್ದೀರಿ. ಪೆಟ್ರೋಲಿಗೆ ಬೆರೆಸುವ ನಮ್ಮ ಕಬ್ಬಿನ ಎಥೆನಾಲ್ ಬಗ್ಗೆ ಪತ್ರಿಕೆ ಏಕೆ ಮೌನ ಎಂದೂ ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ, ಹೈಬ್ರಿಡ್ ಕೊಳ್ಳಲೋ ಬೇಡವೋ ಹೇಳಿ ಎಂದಿದ್ದೀರಿ.

‘ಅರ್ಧ ದಾರಿ’ ಎಂಬ ಮಾತು ಅವಸರದ್ದು. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ನಿಮ್ಮ ಪತ್ರ ಬಂದ ಮೇಲೆ ಗೆಳೆಯರೊಬ್ಬರ ಹೈಬ್ರಿಡ್ ಕಾರಿನಲ್ಲಿ ಬಾಗಲಕೋಟೆಯಿಂದ ಬೆಳಗಾವಿಗೆ ಹೋಗಿಬಂದೆ. ಗದ್ದನಕೇರಿ ಕ್ರಾಸಿನಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಸಾಗುವಾಗ ಎಂಜಿನ್ ಸದ್ದೇ ಇರಲಿಲ್ಲ. ಲೋಕಾಪುರದ ಪೇಟೆಯನ್ನು ಬಹುತೇಕ ಬ್ಯಾಟರಿಯ ಮೇಲೆಯೇ ದಾಟಿದೆವು. ಬ್ರೇಕ್ ಒತ್ತಿದಾಗ ಬಿಸಿಯಾಗಿ ವ್ಯರ್ಥ ಹೋಗುವ ಶಕ್ತಿಯನ್ನು ಮೋಟಾರು ಹಿಡಿದು ಬ್ಯಾಟರಿಗೆ ತುಂಬುತ್ತದೆ, ಅದೇ ಈ ಗಾಡಿಯ ಜಾಣತನ. ಆದರೆ ಯರಗಟ್ಟಿಯತ್ತ ರಸ್ತೆ ತೆರವಾಗಿ ವೇಗ ಎಂಬತ್ತು ದಾಟಿತೋ, ಎಂಜಿನ್ ಹೆಚ್ಚುಕಡಿಮೆ ಎಡೆಬಿಡದೆ ಓಡಿತು. ಬ್ರೇಕೇ ಬೀಳದ ರಸ್ತೆಯಲ್ಲಿ ಹಿಡಿಯಲು ಶಕ್ತಿಯೆಲ್ಲಿ? ಪೇಟೆಯಲ್ಲಿ ಹೈಬ್ರಿಡ್ ಉಳಿಸುವಷ್ಟು ಹೆದ್ದಾರಿಯಲ್ಲಿ ಉಳಿಸುವುದಿಲ್ಲ. ನಿಮ್ಮ ಓಡಾಟದ ಹೆಚ್ಚಿನ ಪಾಲು ಹೆದ್ದಾರಿಯದು ಎಂಬುದನ್ನು ನೆನಪಿಡಿ.

ತೆರಿಗೆಯ ವಿಷಯದಲ್ಲಿ ನಿಮ್ಮ ದೂರಿನ ಒಂದು ಭಾಗ ಪೂರ್ತಿ ಸರಿ. 2017ರಲ್ಲಿ ಜಿಎಸ್‌ಟಿ ಬಂದಾಗ ದೊಡ್ಡ ಹೈಬ್ರಿಡ್ ಕಾರಿನ ಮೇಲೆ ಶೇ 28 ತೆರಿಗೆ, ಅದರ ಮೇಲೆ ಶೇ 15 ಸೆಸ್ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40ಕ್ಕೆ ಇಳಿಯಿತು. ಅಷ್ಟೇ ಉದ್ದದ, ಅದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲ್ ಕುಡಿಯುವ ಕಾರಿಗೂ ಅದೇ ಶೇ 40. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಗಾಡಿಯನ್ನೂ ಇಪ್ಪತ್ಮೂರು ಕೊಡುವ ಗಾಡಿಯನ್ನೂ ಉದ್ದ ಅಳೆದು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯವೇ. ಗಾಡಿ ಕುಡಿಯುವ ಇಂಧನಕ್ಕೆ ತಕ್ಕಂತೆ ತೆರಿಗೆ ಏರಲಿ, ಇಳಿಯಲಿ.

ಆದರೆ ಪೂರ್ತಿ ಮನ್ನಾ ಬೇರೆ ಮಾತು. ಇಲ್ಲಿ ನಾನು ನಿಮ್ಮ ಜೊತೆ ಬರಲಾರೆ. ಕಾರಣವನ್ನು ಲೆಕ್ಕದಲ್ಲೇ ಹೇಳುತ್ತೇನೆ.

ಹದಿನೆಂಟು ಲಕ್ಷದ ಕಾರಿಗೆ ನೋಂದಣಿಯ ವೇಳೆ ಕಟ್ಟುವ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಶೇ 17, ಮೇಲಿನ ಸೆಸ್ ಬಿಟ್ಟರೂ ಮೂರು ಲಕ್ಷ ದಾಟುತ್ತದೆ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವ ಮನೆಯೊಂದನ್ನು ತೆಗೆದುಕೊಳ್ಳಿ. ಸಾದಾ ಕಾರಿಗೆ 800 ಲೀಟರ್ ಬೇಕು, ಹೈಬ್ರಿಡ್‌ಗೆ ಸುಮಾರು 520. ವರ್ಷಕ್ಕೆ ಉಳಿದದ್ದು 280 ಲೀಟರ್, ಹತ್ತು ವರ್ಷಕ್ಕೆ 2,800. ಆ ಮೂರು ಲಕ್ಷವನ್ನು ಬಿಟ್ಟುಕೊಟ್ಟರೆ, ಉಳಿದ ಒಂದೊಂದು ಲೀಟರಿಗೆ ಸರ್ಕಾರ ಸುಮಾರು 110 ರೂಪಾಯಿ ಕೊಟ್ಟಂತಾಯಿತು. ಈಗ ಆ ಲೀಟರನ್ನು ಹೊರಗಿನಿಂದ ತರಲು ಏನು ಬೀಳುತ್ತದೆ ನೋಡಿ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಕಚ್ಚಾ ತೈಲ ಬ್ಯಾರೆಲ್‌ಗೆ 70 ಡಾಲರ್, ಡಾಲರಿಗೆ 88 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ 39 ರೂಪಾಯಿ. ಮೂವತ್ತೊಂಬತ್ತು ರೂಪಾಯಿಯ ಆಮದು ತಪ್ಪಿಸಲು ನೂರಾಹತ್ತು ಖರ್ಚು ಮಾಡುವುದು, ಅದೂ ಹದಿನೆಂಟು ಲಕ್ಷದ ಕಾರು ಕೊಳ್ಳಬಲ್ಲವರಿಗೆ, ನನಗೆ ಒಪ್ಪುವುದಿಲ್ಲ.

ತೈಲದ ಅವಲಂಬನೆ ಸಣ್ಣ ವಿಷಯವೆಂದು ನಾನು ಹೇಳುತ್ತಿಲ್ಲ. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಭಾಗ ಹೊರಗಿನದು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ತೈಲದ ಬೆಲೆ ಹಾರಿದಾಗ ನಮ್ಮ ಖಜಾನೆ ಬರಿದಾಗುತ್ತ ಬಂದು, 1991ರಲ್ಲಿ ದೇಶದ ಚಿನ್ನವನ್ನು ವಿದೇಶದಲ್ಲಿ ಒತ್ತೆ ಇಡಬೇಕಾಯಿತು. ಆಗ ನಾನು ಕಾಲೇಜಿನಲ್ಲಿದ್ದೆ. ಮನೆಯ ಬಂಗಾರ ಅಡವಿಟ್ಟ ಸುದ್ದಿ ಕೇಳಿದಷ್ಟೇ ಸಂಕಟವಾಗಿತ್ತು. ಅದಕ್ಕೇ ಪ್ರೋತ್ಸಾಹಧನದ ಪ್ರತಿ ರೂಪಾಯಿಯೂ ಹೆಚ್ಚು ಲೀಟರ್ ಉಳಿಯುವ ಕಡೆ ಹೋಗಲಿ ಎಂಬ ಹಟ ನನ್ನದು.

ಅಮೆರಿಕದ ಅನುಭವ ಇಲ್ಲಿ ನೋಡುವಂಥದ್ದು. 2005ರ ಇಂಧನ ಕಾಯ್ದೆಯಲ್ಲಿ ಅವರು ಹೈಬ್ರಿಡ್ ಕೊಂಡವರಿಗೆ 3,400 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಟ್ಟರು. ಅದರಲ್ಲಿ ಎರಡು ಒಳ್ಳೆಯ ಕಟ್ಟುಪಾಡುಗಳಿದ್ದವು. ಗಾಡಿ ಎಷ್ಟು ಮೈಲೇಜು ಕೊಡುತ್ತದೆ, ತನ್ನ ಆಯುಷ್ಯದಲ್ಲಿ ಎಷ್ಟು ಇಂಧನ ಉಳಿಸುತ್ತದೆ ಎಂದು ನೋಡಿ ರಿಯಾಯಿತಿಯ ಮೊತ್ತ ಗೊತ್ತಾಗುತ್ತಿತ್ತು. ಒಂದು ಕಂಪನಿ ಅರವತ್ತು ಸಾವಿರ ಗಾಡಿ ಮಾರಿದ ಮೇಲೆ ರಿಯಾಯಿತಿ ಹಂತಹಂತವಾಗಿ ಇಳಿದು ನಿಲ್ಲುತ್ತಿತ್ತು. ಟೊಯೊಟಾ ಅಲ್ಲಿಗೆ 2006ರಲ್ಲೇ ತಲುಪಿತು, 2007ರ ಅಕ್ಟೋಬರ್‌ನಿಂದ ಅದರ ಕಾರುಗಳಿಗೆ ರಿಯಾಯಿತಿ ಇಲ್ಲವಾಯಿತು. ಹೀಗಿದ್ದೂ ಅಮೆರಿಕದ ಆಮದು ತಗ್ಗಿದ್ದು ಹೆಚ್ಚಾಗಿ ತಮ್ಮದೇ ನೆಲದ ಕಲ್ಲುಪದರಗಳಿಂದ ತೆಗೆದ ಶೇಲ್ ತೈಲದಿಂದ. ನಮಗೆ ಆ ದಾರಿ ಇಲ್ಲ. ನಮ್ಮಲ್ಲಿ ಹೈಬ್ರಿಡ್, ವಿದ್ಯುತ್ ಗಾಡಿಗಳಿಗೆ ಕೇಂದ್ರ ಸಹಾಯಧನ ಕೊಟ್ಟ 2015ರ ಫೇಮ್ ಯೋಜನೆ ಎಡವಿದ್ದು ಅಳತೆಯಲ್ಲೇ: ಬರೀ ಬ್ಯಾಟರಿಯ ಮೇಲೆ ಓಡಲಾರದ ಮೈಲ್ಡ್ ಹೈಬ್ರಿಡ್‌ಗಳಿಗೂ ಹಣ ಹೋಯಿತು, 2017ರ ಏಪ್ರಿಲ್‌ನಲ್ಲಿ ಅವನ್ನು ಕೈಬಿಡಬೇಕಾಯಿತು.

ಹಾಗಾದರೆ ಲೀಟರುಗಳು ಎಲ್ಲಿವೆ? ದೇಶದಲ್ಲಿ ಡೀಸೆಲ್ ಖರ್ಚು ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು. ಪೆಟ್ರೋಲಿನಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುವುದು ಬೈಕು, ಸ್ಕೂಟರ್. ನಮ್ಮ ಸುತ್ತ ನೋಡಿದರೆ ಸಾಕು. ಕಬ್ಬಿನ ಹಂಗಾಮು ಶುರುವಾದ ಮೇಲೆ ಮುಧೋಳದ ರಸ್ತೆಯಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ಮುಂದೆ ಸಾಲುಗಟ್ಟುತ್ತವೆ. ಹಳ್ಳಿಹಳ್ಳಿಗೆ ಟಂಟಂ ಇದೆ. ಬಾಗಲಕೋಟೆಯ ಹಳೆ ಊರು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಮೇಲೆ ಜನ ನವನಗರಕ್ಕೆ ಬಂದರು. ಅಲ್ಲಿಂದ ವಿದ್ಯಾಗಿರಿಗೆ, ಹಳೆ ಪೇಟೆಗೆ ಗಾಡಿಯಿಲ್ಲದೆ ಹೋಗುವುದು ಕಷ್ಟ. ಮುಳುಗಡೆಯವರು ಮನೆ ಹೊಲ ಕಳೆದುಕೊಂಡದ್ದನ್ನು ನಾವು ಬರೆಯುತ್ತ ಬಂದಿದ್ದೇವೆ. ದಿನದಿನದ ಪೆಟ್ರೋಲ್ ಖರ್ಚೂ ಅವರ ತಲೆಗೇ ಬಿತ್ತೆಂಬುದನ್ನು ಬರೆದಿರಲಿಲ್ಲ.

ಸಾರಿಗೆ ಸಂಸ್ಥೆಯ ಒಂದು ಡೀಸೆಲ್ ಬಸ್ಸು ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿ, ಲೀಟರಿಗೆ ಐದು ಕಿಲೋಮೀಟರ್ ಕೊಟ್ಟಿತೆನ್ನಿ. ದಿನಕ್ಕೆ ಅರವತ್ತು ಲೀಟರ್, ವರ್ಷಕ್ಕೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ. ಅದರ ಜಾಗದಲ್ಲಿ ಒಂದು ವಿದ್ಯುತ್ ಬಸ್ಸು ಬಂದರೆ ಎಪ್ಪತ್ತು ಮನೆಗಳ ಹೈಬ್ರಿಡ್ ಕಾರುಗಳು ಉಳಿಸುವಷ್ಟು ಎಣ್ಣೆ ಉಳಿಯುತ್ತದೆ. ಆ ಬಸ್ಸಿನ ಬೆಲೆ ಕೋಟಿ ದಾಟುತ್ತದೆ, ನಿಜ. ಆದರೆ ಎಪ್ಪತ್ತು ಕಾರುಗಳ ತೆರಿಗೆ ಮನ್ನಾ ಎರಡು ಕೋಟಿ ದಾಟುತ್ತದೆ. ಬಸ್ಸಿನಲ್ಲಿ ಕೂರುವವರು ಕೂಲಿಯವರು, ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಹೊರಟ ಮುದುಕರು. 2024ರ ಪಿಎಂ ಇ-ಡ್ರೈವ್ ಯೋಜನೆಯ ವಿದ್ಯುತ್ ಬಸ್ಸಿನ ಹಣ ಜನಸಂಖ್ಯೆ ನಲವತ್ತು ಲಕ್ಷ ಮೀರಿದ ಮಹಾನಗರಗಳಿಗೆ. ಅದಕ್ಕೂ ಮುಂಚಿನ ಪಿಎಂ ಇ-ಬಸ್ ಸೇವಾ ಯೋಜನೆ ಮೂರು ಲಕ್ಷ ಜನ ಮೀರಿದ ಊರುಗಳಿಗೆ. ಬಾಗಲಕೋಟೆ ಎರಡರ ಲೆಕ್ಕಕ್ಕೂ ಸಿಗುವುದಿಲ್ಲ, ಜಮಖಂಡಿಯೂ ಅಷ್ಟೆ. ಈ ಬಗ್ಗೆ ನೀವು ಬರೆದಿದ್ದರೆ ಪತ್ರವನ್ನು ಮುಖಪುಟದಲ್ಲೇ ಹಾಕುತ್ತಿದ್ದೆ.

ವಿದ್ಯುತ್ ಗಾಡಿಗೂ ಕಲ್ಲಿದ್ದಲು ಸುಡಬೇಕಲ್ಲ ಎಂಬ ನಿಮ್ಮ ಆಕ್ಷೇಪ ಸರಿಯೇ. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರವೊಂದೇ 2,400 ಮೆಗಾವಾಟ್‌ನದು. ಅದರ ಬೂದಿ, ಹೊಗೆ ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು. ಆದರೆ ನಾವಿಬ್ಬರೂ ಮಾತಾಡುತ್ತಿರುವುದು ಹೊರದೇಶದ ಎಣ್ಣೆಯ ಬಗ್ಗೆ. ಪ್ಲಗ್ ಇಲ್ಲದ ಹೈಬ್ರಿಡ್ ಎಷ್ಟೇ ಜಾಣ ಗಾಡಿಯಾದರೂ ಅದರ ಕೊನೆಯ ಹನಿ ಶಕ್ತಿಯೂ ಪೆಟ್ರೋಲ್ ಟ್ಯಾಂಕಿನಿಂದಲೇ ಬರಬೇಕು. ಕೂಡಗಿಯದೋ, ಆಲಮಟ್ಟಿಯ ನೀರಿನದೋ, ನಮ್ಮ ಗುಡ್ಡಗಳ ಗಾಳಿಯಂತ್ರದ್ದೋ, ವಿದ್ಯುತ್ತಿಗೆ ಹಡಗು ಕಾಯಬೇಕಿಲ್ಲ.

ಇನ್ನು ಕಬ್ಬು. ನಿಮ್ಮ ಪತ್ರದಲ್ಲಿ ನನಗೆ ಅತಿ ಹಿಡಿಸಿದ ಭಾಗ ಇದು. 2025ರಲ್ಲಿ ದೇಶ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಸುವ ಮಟ್ಟ ಮುಟ್ಟಿತು, ಮೊದಲು ಇಟ್ಟುಕೊಂಡ ಗಡುವಿಗೆ ಐದು ವರ್ಷ ಮುಂಚೆ. ಅದರಲ್ಲಿ ಮುಧೋಳ, ಅಥಣಿ, ಗೋಕಾಕದ ಹೊಲಗಳ ಪಾಲಿದೆ. ಕಬ್ಬಿನ ಹಾಲಿನಿಂದ ನೇರವಾಗಿ ತೆಗೆದರೆ ಟನ್ನಿಗೆ ಸುಮಾರು 70 ಲೀಟರ್ ಎಥೆನಾಲ್. ಎಕರೆಗೆ ನಲವತ್ತು ಟನ್ ಬೆಳೆದವರ ಹೊಲದಲ್ಲಿ 2,800 ಲೀಟರ್. ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಆದ್ದರಿಂದ ಮೈಲೇಜು ತಗ್ಗುತ್ತದೆ. ಆ ಕೊರತೆಯನ್ನು ತುಂಬಿಕೊಡುವುದು ಹೈಬ್ರಿಡ್‌ಗೆ ಬರುತ್ತದೆ. ಶೇ 85ರವರೆಗೆ ಎಥೆನಾಲ್ ಕುಡಿಯಬಲ್ಲ ಹೈಬ್ರಿಡ್ ಕಾರಿನ ಮಾದರಿಯನ್ನು 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ತೋರಿಸಿದ್ದರು. ಅಂಥ ಗಾಡಿ ಅಂಗಡಿಗೆ ಬಂದು, ಅದಕ್ಕೆ ತುಂಬುವ ಇಂಧನ ಜಮಖಂಡಿಯ ಪಂಪಿನಲ್ಲಿ ಸಿಗುವ ದಿನ, ತೆರಿಗೆ ಮನ್ನಾ ಕೇಳಲು ನಿಮ್ಮ ಜೊತೆ ನಾನೂ ಬರುತ್ತೇನೆ.

ಒಂದು ಷರತ್ತು ಮಾತ್ರ ಇದೆ. ಕಬ್ಬಿನ ಹಾಲಿನ ಎಥೆನಾಲ್‌ಗೆ 2022-23ರಲ್ಲಿ ಗೊತ್ತುಮಾಡಿದ ಲೀಟರಿಗೆ 65.61 ರೂಪಾಯಿ ದರ ವರ್ಷಗಟ್ಟಲೆ ಕದಲಲಿಲ್ಲ. ಕಬ್ಬಿಗೆ ಕೇಂದ್ರ ಗೊತ್ತುಮಾಡುವ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಮಾತ್ರ ಏರುತ್ತ ಹೋಯಿತು. ಕಾರ್ಖಾನೆಗಳು ಆ ದರ ತೋರಿಸಿ ಕೈಚೆಲ್ಲಿದವು. ರೈತರು 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಗುರ್ಲಾಪುರ ಕ್ರಾಸಿನಲ್ಲಿ ರಾತ್ರಿ ಹಗಲು ಕೂತರು, 3,300ಕ್ಕೆ ಒಪ್ಪಬೇಕಾಯಿತು. ದೇಶದ ಡಾಲರ್ ಉಳಿಸಿದವರ ಕೈಗೆ ಆ ಉಳಿತಾಯದ ಪಾಲು ಬರಬೇಕು. ಜೊತೆಗೆ ಕೃಷ್ಣೆ, ಘಟಪ್ರಭೆಯ ನೀರು ಎಷ್ಟು ಎಕರೆ ಕಬ್ಬು ತಾಳೀತು ಎಂಬುದನ್ನೂ ಕೇಳಬೇಕು. ಕಾಲುವೆಯ ಕೊನೆಯ ರೈತನಿಗೆ ಈಗಲೇ ನೀರು ಮುಟ್ಟುತ್ತಿಲ್ಲ.

ಕೊನೆಗೆ ನಿಮ್ಮ ಕಾರು. ವರ್ಷಕ್ಕೆ 24,000 ಕಿಲೋಮೀಟರ್ ಓಡುವ ನಿಮಗೆ ಹೈಬ್ರಿಡ್‌ನಿಂದ ಐನೂರೈವತ್ತು ಲೀಟರ್ ಉಳಿದೀತು, ಹೆದ್ದಾರಿಯ ಕಾರಣಕ್ಕೆ ಒಂದಿಷ್ಟು ಕಡಿಮೆಯೇ ಹಿಡಿಯಿರಿ. ಸಾದಾ ಕಾರಿಗಿಂತ ಎರಡು ಲಕ್ಷ ಹೆಚ್ಚು ಕೊಟ್ಟರೂ ನಾಲ್ಕೈದು ವರ್ಷದಲ್ಲಿ ಪೆಟ್ರೋಲ್ ಬಿಲ್ಲೇ ಅದನ್ನು ಮರಳಿಸುತ್ತದೆ, ಸರ್ಕಾರದ ಕೈ ಕಾಯಬೇಕಿಲ್ಲ. ಆದರೆ ಮುಂಗಡ ಕಟ್ಟುವ ಮುಂಚೆ ನಿಮ್ಮ ಡೈರಿ ತೆಗೆದು, ಒಂದೇ ದಿನ ಇನ್ನೂರೈವತ್ತು ಕಿಲೋಮೀಟರ್ ದಾಟಿದ ದಿನಗಳು ತಿಂಗಳಿಗೆ ಎಷ್ಟೆಂದು ಎಣಿಸಿ. ಎರಡೋ ಮೂರೋ ಆಗಿದ್ದು, ಮನೆಯಂಗಳದಲ್ಲಿ ಪ್ಲಗ್ ಹಾಕಲು ಜಾಗವಿದ್ದರೆ ವಿದ್ಯುತ್ ಕಾರನ್ನೇ ನೋಡಿ. ಎಂಟು ಹತ್ತು ದಿನ ಆಗಿದ್ದರೆ ಹೈಬ್ರಿಡ್ ತೆಗೆದುಕೊಳ್ಳಿ. ಎಣಿಕೆ ಎಷ್ಟು ಬಂತೆಂದು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

— ಸಂಪಾದಕ