ಕೊನೆಯ ಹಾಡಿನವರೆಗೆ: ಹೊಸ ಇಂಡೀ ರಾಕ್ ಆಲ್ಬಂಗಳ ಕುರಿತು ಓದುಗರ ಪ್ರಶ್ನೆಗಳು

ಈಚಿನ ಎರಡು ಮೂರು ವರ್ಷಗಳಲ್ಲಿ ಬಂದ ಇಂಡೀ ರಾಕ್ (ದೊಡ್ಡ ಕಂಪನಿಗಳ ಹೊರಗೆ ಸ್ವತಂತ್ರವಾಗಿ ಬೆಳೆದ ರಾಕ್ ಸಂಗೀತ) ಆಲ್ಬಂಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಮುಂಬೈ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಸಂಗೀತ ವಿಮರ್ಶೆ ನನ್ನ ವೃತ್ತಿಯಲ್ಲ. ಬಿಡುವಿನಲ್ಲಿ ಪ್ರೀತಿಯಿಂದ ಕೇಳುವ ಒಬ್ಬ ಸಾಮಾನ್ಯ ಕೇಳುಗನ ಅಭಿಪ್ರಾಯಗಳೆಂದು ಇವನ್ನು ಓದಬೇಕೆಂದು ಕೋರುತ್ತೇನೆ.

ಡೊಂಬಿವಲಿಯ ಓದುಗರೊಬ್ಬರು: ಮಾನ್ಯರೇ, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಭಾವಗೀತೆಗಳ ಕ್ಯಾಸೆಟ್ಟುಗಳನ್ನು ಕೇಳುತ್ತ ಬೆಳೆದವಳು ನಾನು. ಕಾಲೇಜಿಗೆ ಹೋಗುವ ಮಗ ಈಗ ಇಂಡೀ ರಾಕ್ ಕೇಳಮ್ಮ ಎಂದು ಒತ್ತಾಯಿಸುತ್ತಾನೆ. ದಿನವೂ ಲೋಕಲ್ ರೈಲಿನಲ್ಲಿ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿಬರುವುದರಿಂದ ಸಮಯಕ್ಕೇನೂ ಕೊರತೆಯಿಲ್ಲ. ಎಲ್ಲಿಂದ ಆರಂಭಿಸಲಿ? ಒಂದು ಆಲ್ಬಂ ಒಳ್ಳೆಯದೋ ಅಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ?

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಾನು ಬಳಸುವ ಅಳತೆ ಒಂದೇ: ಆಲ್ಬಮ್ಮಿನ ಕೊನೆಯ ಹಾಡು ಅಲ್ಲಿಯೇ ಇರಬೇಕಿತ್ತೇ ಎಂದು ಕೇಳಿಕೊಳ್ಳುತ್ತೇನೆ. ಮೊದಲ ಎರಡು ಮೂರು ಹಾಡುಗಳನ್ನು ಯಾವ ತಂಡವಾದರೂ ಕೇಳುಗರನ್ನು ಹಿಡಿದು ನಿಲ್ಲಿಸುವುದಕ್ಕಾಗಿಯೇ ಆರಿಸುತ್ತದೆ, ಆಲ್ಬಮ್ಮಿಗೆ ಮುಂಚೆ ಬಿಡಿಯಾಗಿ ಬಿಡುಗಡೆಯಾಗುವ ಹಾಡುಗಳೂ ಬಹುಮಟ್ಟಿಗೆ ಇವುಗಳ ನಡುವೆಯೇ ಇರುತ್ತವೆ. ಕೊನೆಯ ಹಾಡಿನ ತನಕ ಉಳಿದವರನ್ನು ಮೆಚ್ಚಿಸುವ ಅಗತ್ಯ ತಂಡಕ್ಕೆ ಇರುವುದಿಲ್ಲವಾದ್ದರಿಂದ, ತಾವು ನಿಜಕ್ಕೂ ಹೇಳಬೇಕೆಂದುಕೊಂಡದ್ದನ್ನು ಅವರು ಅಲ್ಲಿ ಹೇಳುತ್ತಾರೆ, ಅಥವಾ ಹೇಳುವುದಕ್ಕೆ ಏನೂ ಇರಲಿಲ್ಲವೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಈ ಅಳತೆಯಿಂದ ನೋಡಿದರೆ ನೀವು ಆರಂಭಿಸಬೇಕಾದದ್ದು ಇಂಗ್ಲೆಂಡಿನ ದ ಕ್ಯೂರ್ ತಂಡವು 2024ರ ನವೆಂಬರ್ 1ರಂದು ಹೊರತಂದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ನಿಂದ. ಇಷ್ಟು ಹಳೆಯ, ಇಷ್ಟು ಪ್ರಸಿದ್ಧವಾದ ತಂಡವನ್ನು ಇಂಡೀ ಎನ್ನಬಹುದೇ ಎಂದು ನಿಮ್ಮ ಮಗ ಆಕ್ಷೇಪಿಸಬಹುದು. 1970ರ ದಶಕದ ಕೊನೆಯಲ್ಲಿ ರಫ್ ಟ್ರೇಡ್, ಫ್ಯಾಕ್ಟರಿ ಮುಂತಾದ ಸಣ್ಣ ಸ್ವತಂತ್ರ ರೆಕಾರ್ಡ್ ಕಂಪನಿಗಳು ಬ್ರಿಟನ್ನಿನಲ್ಲಿ ಹುಟ್ಟಿಕೊಂಡಾಗ ಆ ಗಡಿ ಸ್ಪಷ್ಟವಾಗಿತ್ತು. ಈಗ ಅದೇ ಬಗೆಯ ಸಂಗೀತ ದೊಡ್ಡ ಕಂಪನಿಗಳಿಂದಲೂ ಬರುತ್ತಿರುವುದರಿಂದ ಕೇಳುಗರಾದ ನಾವು ಆ ಚರ್ಚೆಯನ್ನು ಬದಿಗಿಡಬಹುದು. 2008ರ ಆಲ್ಬಮ್ಮಿನ ನಂತರ 16 ವರ್ಷ ಹೊಸ ಆಲ್ಬಂ ತರದಿದ್ದ ತಂಡವಿದು. ಆ ಅವಧಿಯಲ್ಲಿ ಹಾಡುಗಾರ ರಾಬರ್ಟ್ ಸ್ಮಿತ್ ತಮ್ಮ ತಾಯಿ, ತಂದೆ ಮತ್ತು ಅಣ್ಣ ಮೂವರನ್ನೂ ಕಳೆದುಕೊಂಡರು. ಅಣ್ಣನ ಸಾವಿನ ಬಗ್ಗೆಯೇ ಒಂದು ಹಾಡು ಇಲ್ಲಿದೆ. ಒಟ್ಟು 8 ಹಾಡುಗಳು, ಸುಮಾರು 49 ನಿಮಿಷ. ನೀವು ಸಿಎಸ್‌ಎಂಟಿ ಮುಟ್ಟುವುದರೊಳಗೆ ಆಲ್ಬಂ ಮುಗಿದಿರುತ್ತದೆ.

ಮೊದಲ ಹಾಡು ‘ಅಲೋನ್’ನಲ್ಲಿ ದನಿ ಕೇಳಿಸುವುದು ಮೂರು ನಿಮಿಷ ಕಳೆದ ಮೇಲೆ. ಕೊನೆಯ ಹಾಡು ‘ಎಂಡ್‌ಸಾಂಗ್’ ಹತ್ತು ನಿಮಿಷಕ್ಕೂ ದೀರ್ಘವಾದದ್ದು, ಅದರಲ್ಲಿ ದನಿಗಾಗಿ ಆರು ನಿಮಿಷ ಕಾಯಬೇಕು. ಇದನ್ನು ನಮ್ಮ ಆಲಾಪಕ್ಕೆ ಹೋಲಿಸುವವರಿದ್ದಾರೆ, ನನಗೆ ಆ ಹೋಲಿಕೆ ಸರಿಯೆನಿಸುವುದಿಲ್ಲ. ಆಲಾಪದಲ್ಲಿ ರಾಗ ಸ್ವರಸ್ವರವಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಇಲ್ಲಿ ಒಂದೇ ಸ್ವರಗುಚ್ಛ ಮರಳಿ ಮರಳಿ ಬರುತ್ತದೆ, ಅದರ ಮೇಲೆ ಗಿಟಾರಿನ ಒಂದೊಂದೇ ಪದರ ಕೂಡುತ್ತದೆ. ಹಾಗಾಗಿ ಬೆಳೆಯುವುದು ಸಂಗೀತಕ್ಕಿಂತ ಹೆಚ್ಚಾಗಿ ಕೇಳುವವರ ಕಾಯುವಿಕೆ. ಕಡೆಗೆ ಸ್ಮಿತ್ ಬಾಯಿ ತೆರೆದಾಗ, ವಯಸ್ಸಾದ ಒಬ್ಬ ಮನುಷ್ಯ ಬಹಳ ಹೊತ್ತು ತಡೆದುಕೊಂಡು ಕೊನೆಗೂ ಮಾತನಾಡಿದನೆಂಬ ಭಾವನೆ ಬರುತ್ತದೆ. ಆ ಹಾಡನ್ನು ಆಲ್ಬಮ್ಮಿನ ನಡುವೆ ಎಲ್ಲಿಟ್ಟಿದ್ದರೂ ಅದರ ನಂತರ ಬರುವ ಹಾಡು ಸಪ್ಪೆಯಾಗುತ್ತಿತ್ತು.

ಎರಡನೆಯದಾಗಿ ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ತಂಡದ ‘ರೊಮ್ಯಾನ್ಸ್’ (2024) ಕೇಳಿ. ಇದರ ‘ಸ್ಟಾರ್‌ಬರ್ಸ್ಟರ್’ ಹಾಡನ್ನು ತಂಡದ ಹಾಡುಗಾರ ಗ್ರಿಯನ್ ಚಾಟೆನ್ ಬರೆದದ್ದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ತಮಗಾದ ತೀವ್ರ ಗಾಬರಿಯ ಅನುಭವದಿಂದ; ಹಾಡಿನ ನಡುವೆ ಉಸಿರು ಸಿಗದೆ ಎಳೆದುಕೊಳ್ಳುವ ಸದ್ದೇ ತಾಳದ ಭಾಗವಾಗಿದೆ. ದಾದರ್‌ನ ಸೇತುವೆಯ ಮೇಲೆ ಸಂಜೆಯ ಜನಸಂದಣಿಯಲ್ಲಿ ಸಿಕ್ಕಿಕೊಂಡವರಿಗೆ ಈ ಹಾಡಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಉಸಿರುಗಟ್ಟುವ ಹಾಡುಗಳ ನಂತರ ಆಲ್ಬಂ ಮುಗಿಯುವುದು ‘ಫೇವರಿಟ್’ ಎಂಬ ಹಗುರವಾದ, ಬಿಸಿಲಿನಂಥ ಗಿಟಾರಿನ ಹಾಡಿನಿಂದ. ಅದನ್ನಷ್ಟೇ ಬಿಡಿಯಾಗಿ ಕೇಳಿದರೆ ಸಾಧಾರಣ ಪ್ರೇಮಗೀತೆ ಎನ್ನಿಸಬಹುದು. ಹಿಂದಿನ ಹತ್ತು ಹಾಡುಗಳನ್ನು ದಾಟಿ ಬಂದವರಿಗೆ ಮಾತ್ರ ಅದರ ನೆಮ್ಮದಿ ತಟ್ಟುತ್ತದೆ.

ಬೇರೊಂದು ಕಾರಣಕ್ಕಾಗಿ ವ್ಯಾಂಪೈರ್ ವೀಕೆಂಡ್ ತಂಡದ ‘ಓನ್ಲಿ ಗಾಡ್ ವಾಸ್ ಅಬವ್ ಅಸ್’ (ಏಪ್ರಿಲ್ 2024) ಆಲ್ಬಮ್ಮನ್ನೂ ಸೂಚಿಸುತ್ತೇನೆ. ಅದರ ಮುಖಚಿತ್ರದಲ್ಲಿ ಪಕ್ಕಕ್ಕೆ ಉರುಳಿಬಿದ್ದ ನ್ಯೂಯಾರ್ಕ್ ಸಬ್‌ವೇ ಬೋಗಿಯೊಳಗೆ ಒಬ್ಬ ಪತ್ರಿಕೆ ಹಿಡಿದಿದ್ದಾನೆ. ಸ್ಟೀವನ್ ಸೀಗಲ್ 1988ರಲ್ಲಿ ತೆಗೆದ ಆ ಫೋಟೊ ಲೋಕಲ್ ಪ್ರಯಾಣಿಕರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಒಂದು ಮಹಾನಗರ ತನ್ನ ಹಳೆಯ ತಪ್ಪುಗಳನ್ನು ನೆನೆಯುತ್ತ ಕೂತಂತಿರುವ ಈ ಆಲ್ಬಂ ಸುಮಾರು ಎಂಟು ನಿಮಿಷಗಳ ‘ಹೋಪ್’ ಎಂಬ ಹಾಡಿನಲ್ಲಿ, ಗೆಲ್ಲಲಾಗದ ಜಗಳಗಳನ್ನು ಒಂದೊಂದಾಗಿ ಎಣಿಸಿ ಕೈಬಿಡುತ್ತ ಮುಗಿಯುತ್ತದೆ. ನಡುವಿನ ಒಂದೆರಡು ಹಾಡುಗಳು ಅಗತ್ಯಕ್ಕಿಂತ ಜಾಣತನ ತೋರುತ್ತವೆ ಎಂಬುದು ನನ್ನ ಅನಿಸಿಕೆಯಾದರೂ, ಈ ಕೊನೆಯ ಹಾಡಿಗಾಗಿ ಅವನ್ನು ಸಂತೋಷದಿಂದ ಸಹಿಸುತ್ತೇನೆ.

ಪುಣೆಯ ಓದುಗರೊಬ್ಬರು: ಪ್ರತಿವರ್ಷ ಸವಾಯಿ ಗಂಧರ್ವ ಉತ್ಸವಕ್ಕೆ ತಪ್ಪದೆ ಹೋಗುವ ಕುಟುಂಬ ನಮ್ಮದು. ಈ ಹುಡುಗರು ಶ್ರುತಿಯಲ್ಲಿ ಹಾಡುವುದೇ ಇಲ್ಲ, ಕೆಲವರ ಮಾತು ಕೇಳಿಸುವುದೂ ಇಲ್ಲ. ಇದನ್ನು ಹೊಗಳುವುದಾದರೂ ಏಕೆ?

ಕುಂದಗೋಳದ ಗುರುವಿನ ನೆನಪಿಗಾಗಿ ಗದುಗಿನ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವದಲ್ಲಿ ಪಳಗಿದ ಕಿವಿ ತಮ್ಮದು. ಆ ಕಿವಿಯನ್ನು ಬದಲಿಸಿಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ಈ ಸಂಗೀತದಲ್ಲಿ ದನಿಯ ಕೆಲಸ ಬೇರೆಯದಾಗಿರುವುದನ್ನು ಗಮನಿಸಬೇಕಾಗಿ ವಿನಂತಿ. ಖಯಾಲ್‌ನಲ್ಲಿ ದನಿಯೇ ಸಂಗೀತ. ಇಲ್ಲಿ ದನಿ ಒಂದು ಪಾತ್ರ. ನಾರ್ತ್ ಕ್ಯಾರೊಲಿನಾದ ಎಂ.ಜೆ. ಲೆಂಡರ್‌ಮನ್ ‘ಮ್ಯಾನಿಂಗ್ ಫೈರ್‌ವರ್ಕ್ಸ್’ (2024) ಆಲ್ಬಮ್ಮಿನಲ್ಲಿ ಹಾಡುವುದು ಒಂಟಿಯಾಗಿ ಉಳಿದ, ತಮ್ಮ ಸೋಲನ್ನು ಒಪ್ಪಿಕೊಳ್ಳದ ಗಂಡಸರ ಬಗ್ಗೆ. ಸ್ವರವನ್ನು ಕೆಳಗಿನಿಂದ ತಡವುತ್ತ ಹೋಗಿ ಅರ್ಧದಲ್ಲೇ ಬಿಡುವ ಅವರ ದನಿ ಆ ಗಂಡಸರದೇ ದನಿ. ಅದೇ ಸಾಲುಗಳನ್ನು ತುಂಬುಕಂಠದಿಂದ, ಖಚಿತ ಶ್ರುತಿಯಲ್ಲಿ ಹಾಡಿದ್ದರೆ ಸುಳ್ಳಾಗುತ್ತಿದ್ದವು. ಆದರೆ ಇದೇ ಆಲ್ಬಮ್ಮಿನ ಕೊನೆಯ ಹಾಡು ನನಗೆ ಒಪ್ಪಿಗೆಯಾಗಲಿಲ್ಲ. ಸುಮಾರು ಹತ್ತು ನಿಮಿಷಗಳ ಅದರಲ್ಲಿ ಮಾತು ಬೇಗನೆ ಮುಗಿದು, ಉಳಿದ ಬಹುಪಾಲು ಹೊತ್ತು ಗಿಟಾರಿನ ಗುಂಯ್‌ಗುಡುವಿಕೆ ಮಾತ್ರ ಇರುತ್ತದೆ. ಕ್ಯೂರ್ ತಂಡದ ದೀರ್ಘತೆ ಕೇಳುಗರನ್ನು ಒಂದು ಕಡೆಗೆ ಕರೆದೊಯ್ಯುತ್ತದೆ, ಇದು ನಿಂತಲ್ಲೇ ನಿಲ್ಲುತ್ತದೆ.

ತಮಗೆ ಹಿಡಿಸಬಹುದಾದ ಆಲ್ಬಂ ‘ಟೈಗರ್ಸ್ ಬ್ಲಡ್’ (ಮಾರ್ಚ್ 2024). ವಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟಿ ಕ್ರಚ್‌ಫೀಲ್ಡ್ ಅವರ ದನಿ ಗಟ್ಟಿಯಾದದ್ದು, ನೇರವಾದದ್ದು. ಮೇಲೆ ಹೇಳಿದ ಲೆಂಡರ್‌ಮನ್ ಇದರ ‘ರೈಟ್ ಬ್ಯಾಕ್ ಟು ಇಟ್’ ಹಾಡಿನಲ್ಲಿ ಜೊತೆಗೂಡಿದ್ದಾರೆ. ಅಲುಗಾಡದ ದನಿಯ ಪಕ್ಕದಲ್ಲಿ ಅಲುಗಾಡುವ ದನಿಯನ್ನು ಕೇಳಿದಾಗ, ಬಹುಕಾಲದ ಪ್ರೇಮದ ಏರುಪೇರನ್ನು ಹೇಳುವ ಆ ಹಾಡಿಗೆ ಎರಡೂ ಬೇಕೆಂಬುದು ತಿಳಿಯುತ್ತದೆ. ಕೊನೆಯ ಹಾಡಿನ ಪಲ್ಲವಿಗೆ ತಂಡದವರೆಲ್ಲ ದನಿಗೂಡಿಸುತ್ತಾರೆ, ಅಲ್ಲಿ ಪ್ರತಿಯೊಬ್ಬರ ಕಂಠವೂ ಬೇರೆ ಬೇರೆಯಾಗಿ ಗುರುತು ಸಿಗುವುದೇ ಒಂದು ಸುಖ.

ಮಾತು ಕೇಳಿಸದಿರುವುದರ ಬಗ್ಗೆ: ರೆಡಿಂಗ್ ಊರಿನ ಸ್ಲೋಡೈವ್ ತಂಡದ ‘ಎವ್ರಿಥಿಂಗ್ ಈಸ್ ಅಲೈವ್’ (2023) ಅಂಥದ್ದು. ಅಲ್ಲಿ ಇಬ್ಬರು ಹಾಡುಗಾರರ ದನಿಯೂ ಗಿಟಾರುಗಳ ಕೆಳಗೆ ಮುಳುಗಿರುವುದು ಉದ್ದೇಶಪೂರ್ವಕ. ತಂಡದ ರೇಚೆಲ್ ಗಾಸ್ವೆಲ್ ಅವರ ತಾಯಿ ಮತ್ತು ಸೈಮನ್ ಸ್ಕಾಟ್ ಅವರ ತಂದೆ 2020ರಲ್ಲಿ ತೀರಿಕೊಂಡರು, ಆಲ್ಬಂ ಅವರಿಬ್ಬರಿಗೆ ಅರ್ಪಿತವಾಗಿದೆ. ಪದಗಳನ್ನು ಹುಡುಕದೆ ರಾತ್ರಿ ಕಡಿಮೆ ದನಿಯಲ್ಲಿ ಕೇಳಿದರೆ ಅದರ ದುಃಖ ತಾನಾಗಿ ತಲಪುತ್ತದೆ. ಬ್ರೂಕ್ಲಿನ್ನಿನ ಗೀಸ್ ತಂಡದ ‘ಗೆಟಿಂಗ್ ಕಿಲ್ಡ್’ (ಸೆಪ್ಟೆಂಬರ್ 2025) ಮಾತ್ರ ತಮಗೆ ಬೇಡ. ಅದನ್ನು ನಾನು ಬಹಳ ಮೆಚ್ಚುತ್ತೇನೆ, ಆದರೆ ಮೊದಲ ಹಾಡಿನ ಕೂಗಾಟವೇ ತಮ್ಮ ಮನೆಯವರನ್ನು ಓಡಿಸಬಹುದು.

ವಾಸ್ಕೋದ ಓದುಗರೊಬ್ಬರು: ಮೆಚ್ಚಿದ ಒಂದೆರಡು ಹಾಡುಗಳನ್ನು ಆರಿಸಿ ಪ್ಲೇಲಿಸ್ಟ್ ಮಾಡಿಕೊಂಡರೆ ಸಾಲದೇ? ಇಡೀ ಆಲ್ಬಮ್ಮನ್ನು ಕೇಳಲೇಬೇಕೇ?

ಕೆಲವು ಆಲ್ಬಂಗಳಿಗೆ ಸಾಕು. ಸಿಗರೆಟ್ಸ್ ಆಫ್ಟರ್ ಸೆಕ್ಸ್ ತಂಡದ ‘ಎಕ್ಸಸ್’ (2024) ಅಂಥದ್ದೆಂದು ನಾನು ಭಾವಿಸುತ್ತೇನೆ. ನಮ್ಮ ಯುವಕರಿಗೆ ಈ ತಂಡ ಬಹಳ ಪ್ರಿಯವಾದದ್ದು. 2023ರ ಜನವರಿಯಲ್ಲಿ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ನಡೆದ ಮೊದಲ ಲೊಲ್ಲಾಪಲೂಜಾ ಇಂಡಿಯಾ ಸಂಗೀತೋತ್ಸವದಲ್ಲಿಯೂ ಅವರು ಹಾಡಿದರು. ಒಂದು ಹಾಡನ್ನು ಕೇಳಿದಾಗ ಮನಸ್ಸು ನಿಜವಾಗಿಯೂ ಕರಗುತ್ತದೆ. ಹತ್ತನ್ನು ಒಟ್ಟಿಗೆ ಕೇಳಿದಾಗ ಲಯವೂ ದನಿಯೂ ಬದಲಾಗದಿರುವುದರಿಂದ, ಹಾಡುಗಳ ಕ್ರಮವನ್ನು ಹೇಗೆ ತಿರುಗಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ.

ದ ನ್ಯಾಷನಲ್ ತಂಡದ ವಿಷಯ ಹಾಗಲ್ಲ. 2023ರ ಏಪ್ರಿಲ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಆಲ್ಬಂ ತಂದ ಅವರು ಎರಡರಿಂದಲೂ ಆರಿಸಿ ಒಂದನ್ನೇ ಮಾಡಿದ್ದರೆ ಚೆನ್ನಾಗಿತ್ತು. ಆದರೂ ಎರಡನೆಯದಾದ ‘ಲಾಫ್ ಟ್ರ್ಯಾಕ್’ನ ಕೊನೆಯಲ್ಲಿರುವ ‘ಸ್ಮೋಕ್ ಡಿಟೆಕ್ಟರ್’ ಹಾಡನ್ನು ಬಿಡಬೇಡಿ. ವ್ಯಾಂಕೂವರ್‌ನಲ್ಲಿ ಕಾರ್ಯಕ್ರಮಕ್ಕೆ ಮುಂಚಿನ ಧ್ವನಿಪರೀಕ್ಷೆಯ ಹೊತ್ತಿನಲ್ಲಿ ನುಡಿಸಿ ದಾಖಲಿಸಿದ ಹಾಡದು. ಅದುವರೆಗಿನ ಹಾಡುಗಳಲ್ಲಿದ್ದ ಅತಿ ಎಚ್ಚರಿಕೆ ಅಲ್ಲಿ ಕಳಚಿಬೀಳುತ್ತದೆ.

ಒಂದು ಸೂಚನೆ. ಆ್ಯಪ್‌ನಲ್ಲಿ ಹಾಡುಗಳನ್ನು ಕಲಸುವ ಷಫಲ್ ಗುಂಡಿಯನ್ನೂ, ಆಲ್ಬಂ ಮುಗಿದ ಕೂಡಲೇ ಮತ್ತೇನನ್ನೋ ಹಾಕುವ ಆಟೋಪ್ಲೇಯನ್ನೂ ನಿಲ್ಲಿಸಿಬಿಡಿ. ಆಲ್ಬಂಗಳನ್ನು ಅವುಗಳ ಕ್ರಮದಲ್ಲೇ ಕೇಳಿಸಬೇಕೆಂಬ ಗಾಯಕಿ ಅಡೆಲ್ ಅವರ ಕೋರಿಕೆಯ ಮೇರೆಗೆ ಸ್ಪಾಟಿಫೈ 2021ರ ನವೆಂಬರ್‌ನಲ್ಲಿ ಆಲ್ಬಂ ಪುಟದಲ್ಲಿ ಷಫಲ್‌ಗೆ ಇದ್ದ ಮೊದಲ ಸ್ಥಾನವನ್ನು ತೆಗೆಯಿತು. ಆಟೋಪ್ಲೇಯನ್ನು ಮಾತ್ರ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಬೇಕು.

ಮುಲುಂಡ್‌ನ ಓದುಗರೊಬ್ಬರು: ನೀವು ಹೇಳುವುದೆಲ್ಲ ಹೊರದೇಶದ ತಂಡಗಳ ಬಗ್ಗೆ. ನಮ್ಮ ದೇಶದಲ್ಲಿ, ನಮ್ಮ ಕನ್ನಡದಲ್ಲಿ ಏನೂ ಇಲ್ಲವೇ?

ದೇಶದಲ್ಲಿ ಖಂಡಿತ ಇದೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ಹೆಸರಿನ ತಂಡದ ‘ಬೀಟಾ’ (ಆಗಸ್ಟ್ 2024) ಮೇಲೆ ಹೆಸರಿಸಿದ ಯಾವುದರ ಪಕ್ಕದಲ್ಲಾದರೂ ನಿಲ್ಲಬಲ್ಲ ಆಲ್ಬಂ. ಸೂರ್ಯಕಾಂತ್ ಸಾಹ್ನಿಯವರ ತುಂಬು ದನಿ, ತುತ್ತೂರಿ, ಹಳೆಯ ನೃತ್ಯಶಾಲೆಗಳ ಲಯ ಇವೆಲ್ಲ ಸೇರಿದ ಅವರ ಸಂಗೀತದಲ್ಲಿ ಮದುವೆಮನೆಯ ಸಡಗರವೂ, ಮದುವೆ ಮುಗಿದ ಮರುದಿನದ ಖಾಲಿತನವೂ ಒಟ್ಟಿಗೇ ಇರುತ್ತವೆ.

ಕನ್ನಡದ ಮಟ್ಟಿಗೆ ನನ್ನ ಉತ್ತರದಲ್ಲಿ ಸಂತೋಷವೂ ಬೇಸರವೂ ಇವೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂದದ್ದು ನಮ್ಮ ಮುಂಬೈಯ ವಿಶಾಲ್–ಶೇಖರ್ ಜೋಡಿಯ ಸ್ವತಂತ್ರ ಲೇಬಲ್‌ನಿಂದ. ಹಿಂದಿ ಹಾಡುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದ ಗಿಟಾರಿನೊಂದಿಗೆ ಕೇಳಿಬಂದಾಗ ಇಲ್ಲಿನ ಕನ್ನಡಿಗರು ಪಟ್ಟ ಹೆಮ್ಮೆ ದೊಡ್ಡದು. ಸ್ವರಾತ್ಮ ತಂಡವೂ 2009, 2012 ಮತ್ತು 2018ರಲ್ಲಿ ಆಲ್ಬಂಗಳನ್ನು ತಂದಿತು, ಅವುಗಳಲ್ಲಿ ಹಿಂದಿಯದೇ ಮೇಲುಗೈ. ಈಗಿನ ಕನ್ನಡ ತಂಡಗಳಿಂದ ನಾನು ಹೆಚ್ಚಾಗಿ ಕೇಳುತ್ತಿರುವುದು ಬಿಡಿ ಹಾಡುಗಳನ್ನು. ಅವುಗಳಲ್ಲಿ ಒಳ್ಳೆಯವು ಸಾಕಷ್ಟಿವೆ, ಆದರೆ ಒಂದು ಹಾಡಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ ಹೋಗುವ ಅವಕಾಶ ಬಿಡಿ ಹಾಡಿಗೆ ಇರುವುದಿಲ್ಲ. ಸಿನಿಮಾದ ಹಂಗಿಲ್ಲದೆ ಒಬ್ಬ ಕವಿಯ ಹಾಡುಗಳನ್ನು ಒಂದೇ ಕ್ಯಾಸೆಟ್ಟಿನಲ್ಲಿ, ಎರಡು ಬದಿಗಳ ಕ್ರಮದಲ್ಲಿ ಮನೆಮನೆಗೆ ಮುಟ್ಟಿಸಿದ ಭಾಷೆ ನಮ್ಮದು. ಎಂಟೋ ಹತ್ತೋ ಹಾಡುಗಳ ಒಂದು ಕನ್ನಡ ರಾಕ್ ಆಲ್ಬಂ, ಯಾವುದು ಮೊದಲು ಬರಬೇಕು ಯಾವುದು ಕೊನೆಗೆ ಬರಬೇಕು ಎಂದು ಯೋಚಿಸಿ ಜೋಡಿಸಿದ್ದು, ತಮ್ಮ ಕಿವಿಗೆ ಬಿದ್ದಿದ್ದರೆ ಈ ಅಂಕಣಕ್ಕೆ ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.