ಬಿತ್ತುವ ಮೊದಲೇ ಕಂಬ ನಿಲ್ಲಿಸಿದವರು

ಬೇಸಾಯ ಬಂದಮೇಲೆ ಊರು, ಊರಾದಮೇಲೆ ಗುಡಿ ಅಂತ ಓದಿದ್ದೆ, ಹಾಗಿದ್ದರೆ ಬೇಸಾಯಕ್ಕೂ ಮೊದಲೇ ಕಲ್ಲುಕಂಬಗಳನ್ನು ನಿಲ್ಲಿಸಿದ ಗೊಬೆಕ್ಲಿ ಟೆಪೆ ಹೇಗೆ ಸಾಧ್ಯವಾಯಿತು ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆ ಮೆಟ್ಟಿಲುಗಳ ಕ್ರಮವೇ ಈಗ ಅಲ್ಲಾಡಿಹೋಗಿದೆ.

ಆಗ್ನೇಯ ಟರ್ಕಿಯ ಆ ದಿಬ್ಬದಲ್ಲಿ ಜರ್ಮನ್ ಪುರಾತತ್ವಜ್ಞ ಕ್ಲಾಸ್ ಶ್ಮಿತ್ 1995ರಲ್ಲಿ ಉತ್ಖನನ ಶುರುಮಾಡಿದರು. ಸಿಕ್ಕಿದ್ದು 'ಟಿ' ಆಕಾರದ ಸುಣ್ಣಕಲ್ಲಿನ ಕಂಬಗಳು. ಕೆಲವು 5 ಮೀಟರಿಗಿಂತ ಎತ್ತರ, ಮೈಮೇಲೆ ನರಿ, ಹಾವು, ರಣಹದ್ದುಗಳ ಕೆತ್ತನೆ. ಕಾಲ ಕ್ರಿ.ಪೂ. 9500ರ ಸುಮಾರು. ಲೋಹವಿಲ್ಲ, ಚಕ್ರವಿಲ್ಲ, ಮಡಕೆಯೂ ಇಲ್ಲ. ಕೆತ್ತಿದ್ದೆಲ್ಲ ಕಲ್ಲಿನ ಉಪಕರಣಗಳಿಂದ. ಅಲ್ಲಿನ ಮೂಳೆಗಳು ಬೇಟೆಯಾಡಿದ ಕಾಡುಪ್ರಾಣಿಗಳವು. ಅರೆಯುವ ಕಲ್ಲುಗಳು ರಾಶಿರಾಶಿ ಇವೆ, ಆದರೆ ಅರೆದದ್ದು ಕಾಡುಧಾನ್ಯ. ಅಂದರೆ ಬಿತ್ತದೆ ಕೊಯ್ದ ಜನ. (ಅದನ್ನು ಬರೀ 'ಗುಡಿ' ಅನ್ನೋಕೆ ನನಗೆ ಸ್ವಲ್ಪ ಹಿಂಜರಿಕೆ, ಈಚೆಗೆ ಅಲ್ಲೇ ವಾಸದ ಮನೆಗಳ ಕುರುಹೂ ಸಿಕ್ಕಿದೆ.)

ಇದೊಂದೇ ಅಪವಾದವೂ ಅಲ್ಲ. ಜೋರ್ಡನ್ನಿನ ಶುಬೈಕಾದಲ್ಲಿ ಸಿಕ್ಕ ಕರಕಲು ರೊಟ್ಟಿಯ ಚೂರುಗಳಿಗೆ ಸುಮಾರು 14,400 ವರ್ಷ. ರೊಟ್ಟಿ ಮೊದಲು, ಹೊಲ ಆಮೇಲೆ! ಚೀನಾದ ಗುಹೆಯೊಂದರ ಮಡಕೆ ಚೂರುಗಳು ಇನ್ನೂ ಹಳೆಯವು, ಹತ್ತಿರಹತ್ತಿರ 20,000 ವರ್ಷದವು.

ಈಗಿನ ಇರಾಕಿನಲ್ಲಿದ್ದ ಉರುಕ್ ನಗರದ ಬರಹವನ್ನೂ ನೀವು ಬೇಸಾಯಕ್ಕೆ ಮೊದಲಿನವುಗಳ ಸಾಲಿಗೆ ಸೇರಿಸಿದ್ದೀರಿ. ಅದು ಕ್ರಿ.ಪೂ. 3300ರ ಸುಮಾರಿನದು, ಗೊಬೆಕ್ಲಿಗಿಂತ 6,000 ವರ್ಷ ಈಚೆಗೆ. ಅದಕ್ಕಂತೂ ಬೇಸಾಯ ಬೇಕೇಬೇಕಿತ್ತು. ಆ ಮೊದಲ ಜೇಡಿಮಣ್ಣಿನ ಫಲಕಗಳಲ್ಲಿ ಇರೋದು ಕಾವ್ಯವಲ್ಲ, ಬಹುಪಾಲು ಬಾರ್ಲಿ, ಬಿಯರು, ಕುರಿಗಳ ಲೆಕ್ಕ.